ಇವನು ಅವನಲ್ಲ

ಪ್ರಶ್ನೆ: ನನ್ನ ಮಗ ಪಿಯುಸಿ ಓದುತ್ತಿದ್ದಾನೆ, ವಿಡಿಯೊ ಗೇಮ್ ಹುಚ್ಚು. ಖುಷಿಪಡಲಿ ಎಂದು ಅವನಾಡುವ ಗೇಮ್‌ಗಳ ಮೇಲೆ ಬಂದಿರುವ ಇಂಗ್ಲಿಷ್ ಸಿನಿಮಾಗಳನ್ನು ಟಿವಿಯಲ್ಲಿ ಹಾಕುತ್ತೇನೆ. ಹತ್ತು ನಿಮಿಷ ಕೂರುವುದಿಲ್ಲ, ‘ಇವನು ಅವನಲ್ಲ’ ಎಂದು ಎದ್ದು ಹೋಗುತ್ತಾನೆ. ನನಗೇನೋ ನಟ ಚೆನ್ನಾಗಿಯೇ ಮಾಡಿದ ಹಾಗೆ ಕಾಣುತ್ತದೆ. ಹಾಲಿವುಡ್‌ನಲ್ಲಿ ದುಡ್ಡಿಗೂ ಬರವಿಲ್ಲ, ನಟರಿಗೂ ಬರವಿಲ್ಲ. ಆದರೂ ಗೇಮ್ ಸಿನಿಮಾಗಳಿಗೆ ಹೊಂದದವರನ್ನೇ ಹುಡುಕಿ ಹಾಕುತ್ತಾರಲ್ಲ, ಯಾಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಹಾಗೆ ಎದ್ದು ಹೋದವರ ಸಾಲಿನಲ್ಲಿ ನಾನೂ ಇದ್ದೇನೆ.

ತೊಂಬತ್ತರ ದಶಕದಲ್ಲಿ ಊರೂರಿಗೆ ಕಂಪ್ಯೂಟರ್ ಕ್ಲಾಸುಗಳು ಹುಟ್ಟಿಕೊಂಡಾಗ ನಾನೂ ಒಂದಕ್ಕೆ ಸೇರಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕಾಗಿದ್ದ ಕೋಣೆ. ಹೇಳಿಕೊಡುತ್ತಿದ್ದದ್ದು ಡಾಸ್, ವರ್ಡ್‌ಸ್ಟಾರ್, ಲೋಟಸ್. ನಾವು ಕಲಿತದ್ದು ಪ್ರಿನ್ಸ್ ಆಫ್ ಪರ್ಷಿಯಾ. ಮೇಷ್ಟ್ರು ಟೀ ಕುಡಿಯಲು ಕೆಳಗಿಳಿದರೆ ಸಾಕು, ಒಂದು ಕಂಪ್ಯೂಟರಿನ ಮುಂದೆ ಐದು ತಲೆ. ಬಿಳಿ ಬಟ್ಟೆಯ ರಾಜಕುಮಾರ ನೆಲಮಾಳಿಗೆಯಲ್ಲಿ ಓಡುತ್ತಿದ್ದ, ಹಾರುತ್ತಿದ್ದ, ಗೋಡೆಯ ಅಂಚಿಗೆ ಜೋತುಬೀಳುತ್ತಿದ್ದ. ರಾಜಕುಮಾರಿಯನ್ನು ಬಿಡಿಸಲು ಅವನಿಗೆ ಇದ್ದದ್ದು 60 ನಿಮಿಷ. ಗುಂಡಿಯೊಳಗಿನ ಮುಳ್ಳುಗಳ ಮೇಲೆ ಬಿದ್ದಾಗಲೆಲ್ಲ ಕೀಬೋರ್ಡ್ ಹಿಡಿದವನು ‘ಅಯ್ಯೋ, ಸತ್ತೆ’ ಎನ್ನುತ್ತಿದ್ದ. ‘ಸತ್ತ’ ಎಂದು ಯಾರೂ ಹೇಳಿದ್ದು ನೆನಪಿಲ್ಲ.

ಕಾದಂಬರಿ ಓದುವಾಗ ನಾಯಕ ಸತ್ತರೆ ‘ಸತ್ತ’ ಎನ್ನುತ್ತೇವೆ. ಸಿನಿಮಾದಲ್ಲೂ ಹಾಗೇ. ಗೇಮ್ ಆಡುವಾಗ ಮಾತ್ರ ‘ಸತ್ತೆ’. ನಮ್ಮ ಕಥೆಗಳಲ್ಲಿ ಇದಕ್ಕೆ ಪರಕಾಯ ಪ್ರವೇಶ ಎಂಬ ಹೆಸರೇ ಇದೆ. ನಿಮ್ಮ ಮಗ ಆ ಪಾತ್ರದ ಮೈಯೊಳಗೆ ನೂರಾರು ಗಂಟೆ ಇದ್ದು ಬಂದಿದ್ದಾನೆ. ಅದು ಓಡುವ ಲಯ, ಏದುಸಿರು, ಬಿದ್ದು ಏಳುವ ರೀತಿ ಎಲ್ಲವೂ ಅವನ ಬೆರಳಿಗೆ ಗೊತ್ತು. ಈಗ ತೆರೆಯ ಮೇಲೆ ಆ ಮೈಯೊಳಗೆ ಬೇರೆ ಯಾರೋ ಬಂದು ಸೇರಿಕೊಂಡಿದ್ದಾರೆ. ನಿಮಗೆ ನಟನೆ ಕಂಡರೆ, ಅವನಿಗೆ ಮೊದಲು ಕಾಣುವುದು ಈ ಅಪರಿಚಿತ.

ಹಾಗಾದರೆ ಯಾವ ನಟ ಬಂದರೂ ಆಡುವವರಿಗೆ ಒಪ್ಪಿಗೆ ಆಗುವುದೇ ಇಲ್ಲವೇ? ಆಗುತ್ತದೆ, ಆಗಿದೆ ಕೂಡ. ಪಾತ್ರ ಹಂಚುವವರು ಅದಕ್ಕೆ ಮೊದಲು ಒಂದು ವಿಷಯ ಕೇಳಿಕೊಳ್ಳಬೇಕಿತ್ತು: ಈ ಪಾತ್ರದಲ್ಲಿ ಜನ ಮನಸ್ಸು ಕೊಟ್ಟದ್ದು ಯಾವುದಕ್ಕೆ? ಮುಖಕ್ಕೋ, ದನಿಗೋ, ಮೈಯ ಓಟಕ್ಕೋ? ಗೇಮ್‌ನಿಂದ ಗೇಮ್‌ಗೆ ಈ ಉತ್ತರ ಬೇರೆ. ನಾನು ಕಂಡ ಕೆಟ್ಟ ಆಯ್ಕೆಗಳಲ್ಲಿ ಬಹುಪಾಲು, ಈ ಪ್ರಶ್ನೆಯನ್ನೇ ಕೇಳದೆ ಪೋಸ್ಟರ್‌ಗೆ ಮುಖ ಹುಡುಕಿದ್ದರಿಂದ ಆದವು.

ನಮ್ಮ ರಾಜಕುಮಾರನನ್ನೇ ನೋಡಿ. ಆ ಗೇಮ್ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಡೇವಿಡ್‌ನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ ವಿಡಿಯೊ ತೆಗೆದು, ಅದರ ಒಂದೊಂದು ಚೌಕಟ್ಟನ್ನೂ ತಿದ್ದಿ ಕಂಪ್ಯೂಟರಿಗೆ ಇಳಿಸಿದ. ಕತ್ತಿವರಸೆಗೆ 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಸಿನಿಮಾದ ಕಾಳಗವನ್ನು ನೋಡಿಕೊಂಡ. 1989ರಲ್ಲಿ ಗೇಮ್ ಬಂದಾಗ ಜಗತ್ತು ಬೆರಗಾದದ್ದು ಆ ಮೈಯ ತೂಕಕ್ಕೆ. ಹಾರಿದ ಮೇಲೆ ಮುಗ್ಗರಿಸುವುದು, ಅಂಚು ಹಿಡಿದು ಏದುಸಿರಿನಿಂದ ಮೇಲೇರುವುದು, ಇವೆಲ್ಲ ಅದಕ್ಕೆ ಮೊದಲು ಗೇಮ್‌ಗಳಲ್ಲಿ ಅಷ್ಟು ಸಹಜವಾಗಿ ಬಂದಿರಲಿಲ್ಲ. ಅವನಿಗೆ ಹೆಸರಿರಲಿಲ್ಲ. ಮುಖವಂತೂ ನಾಲ್ಕು ಚುಕ್ಕೆ. ಅಮೆರಿಕದ ಒಬ್ಬ ಹುಡುಗನ ಓಟವೇ ಪರ್ಷಿಯಾದ ರಾಜಕುಮಾರನಾಗಿತ್ತು.

2010ರಲ್ಲಿ ಇದು ‘ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ಸಿನಿಮಾ ಆಯಿತು. ಅದಕ್ಕೆ ಆಧಾರವಾದದ್ದು ಇದೇ ಸರಣಿಯ 2003ರ ಗೇಮ್. ರಾಜಕುಮಾರನಾಗಿ ಬಂದವರು ಜೇಕ್ ಜಿಲೆನ್‌ಹಾಲ್. ಬೇರೆ ಕಡೆ ನೋಡಿದರೆ ಎಂಥ ನಟ! ಇಲ್ಲಿ ಮೈ ಹುರಿಗೊಳಿಸಿ, ಕೂದಲು ಬಿಟ್ಟು, ಬ್ರಿಟಿಷರ ಇಂಗ್ಲಿಷ್ ಮಾತಾಡುತ್ತ ಪರ್ಷಿಯಾದ ಮಾಳಿಗೆಗಳ ಮೇಲೆ ಓಡಿದರು. ಪರ್ಷಿಯಾದ ಕಥೆಯಲ್ಲಿ ಮುಖ್ಯ ಪಾತ್ರಕ್ಕೆ ಇರಾನ್ ಮೂಲದ ಒಬ್ಬರೂ ಸಿಗಲಿಲ್ಲವೇ ಎಂದು ಆಗಲೇ ಜನ ಕೇಳಿದರು. ಆ ಆಕ್ಷೇಪ ನ್ಯಾಯವಾದದ್ದೇ. ಜೊತೆಗೆ ಇನ್ನೊಂದೂ ಇತ್ತು. ಗೇಮ್‌ನಲ್ಲಿ ಒಂದು ಜಿಗಿತ ಮೊದಲಿನಿಂದ ಕೊನೆಯವರೆಗೆ ಕಣ್ಣಿಗೆ ಬೀಳುತ್ತಿತ್ತು. ಸಿನಿಮಾದಲ್ಲಿ ಜಿಗಿತಕ್ಕೆ ಮೂರು ತುಂಡು, ನಡುವೆ ನಾಯಕನ ಮುಖ. ಜನ ಮನಸ್ಸು ಕೊಟ್ಟಿದ್ದ ಮೈಯನ್ನು ಕತ್ತರಿಸಿ, ಅವರಿಗೆ ಬೇಕಿರದ ಮುಖ ತೋರಿಸಿದರು. ಚಿತ್ರ ಜಗತ್ತಿನಾದ್ಯಂತ 33 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು, ಆದರೂ ಎರಡನೆಯ ಭಾಗ ಬರಲಿಲ್ಲ. ಹೂಡಿದ್ದೂ ಅಷ್ಟು ದೊಡ್ಡ ಮೊತ್ತ. 2019ರಲ್ಲಿ ಜಿಲೆನ್‌ಹಾಲ್ ಅವರೇ ಈ ಚಿತ್ರವನ್ನು ನೆನೆದು, ಪಾತ್ರ ಒಪ್ಪಿಕೊಳ್ಳುವ ಮುನ್ನ ಅದು ಯಾಕೆ ಬೇಕು ಎಂದು ಯೋಚಿಸುವುದನ್ನು ಇದರಿಂದ ಕಲಿತೆ ಎಂಬ ಅರ್ಥದ ಮಾತು ಹೇಳಿದರು.

ಅದೇ ಚಿತ್ರದಲ್ಲಿ ರಾಜನ ತಮ್ಮನಾಗಿ ಬೆನ್ ಕಿಂಗ್ಸ್‌ಲಿ ಇದ್ದಾರೆ. ಕಣ್ಣಿಗೆ ಕಾಡಿಗೆ, ಗಲ್ಲಕ್ಕೆ ಗಡ್ಡ. ಅವರು ತೆರೆಗೆ ಬಂದ ಗಳಿಗೆಯಲ್ಲೇ ದ್ರೋಹಿ ಯಾರೆಂದು ಇಡೀ ಥಿಯೇಟರ್‌ಗೆ ಗೊತ್ತು. ರಾಜಕುಮಾರನಿಗೆ ಮಾತ್ರ ಅರ್ಧ ಸಿನಿಮಾ ಬೇಕಾಯಿತು. ಇದೂ ಕೆಟ್ಟ ಆಯ್ಕೆಯ ಒಂದು ಬಗೆ.

ಮುಖ ಹೊಂದಿದರೆ ಸಾಕೇ? ಸಾಲದು ಎನ್ನುವುದಕ್ಕೆ 1993ರ ‘ಸೂಪರ್ ಮಾರಿಯೊ ಬ್ರದರ್ಸ್’ ಇದೆ. ಮಾರಿಯೊ ಮುಖ ಹುಟ್ಟಿದ್ದೇ ಒಂದು ಬಡತನದಿಂದ. 1981ರಲ್ಲಿ ಶಿಗೆರು ಮಿಯಾಮೊಟೊ ಅವನನ್ನು ಬರೆಯುವಾಗ ಚುಕ್ಕೆಗಳು ಬಹಳ ಕಡಿಮೆ. ಬಾಯಿ ಬರೆಯಲು ಜಾಗವಿಲ್ಲದ್ದಕ್ಕೆ ಮೀಸೆ ಬಂತು, ಕೂದಲನ್ನು ಅಲುಗಿಸುವುದು ಕಷ್ಟವಾದ್ದಕ್ಕೆ ಟೊಪ್ಪಿ ಬಂತು. ಸಿನಿಮಾ ಮಾಡಹೊರಟವರು ಆ ಮೀಸೆಗೂ ಆ ಕುಳ್ಳು ಮೈಗೂ ಹೊಂದುವ ಬಾಬ್ ಹಾಸ್ಕಿನ್ಸ್ ಅವರನ್ನು ಹಿಡಿದರು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ನಲ್ಲಿ ಕಾರ್ಟೂನ್ ಮೊಲದ ಎದುರು ನಿಜವಾಗಿಯೂ ಮೊಲ ಇದೆಯೇನೋ ಎಂಬಂತೆ ನಟಿಸಿದ ಮಹಾನುಭಾವ ಅವರು.

ಆದರೆ ಜಗತ್ತಿನ ಮಕ್ಕಳು ಮಾರಿಯೊನನ್ನು ಪ್ರೀತಿಸಿದ್ದು ಮೀಸೆಗಲ್ಲ, ಜಿಗಿತಕ್ಕೆ. ಗುಂಡಿ ಒತ್ತಿದರೆ ಟಪ್ಪನೆ ಹಾರುವ, ಆಮೆಯ ತಲೆ ಮೆಟ್ಟಿ ಮತ್ತೆ ಹಾರುವ ಆ ಖುಷಿಗೆ. ಸಿನಿಮಾದವರು ಹಾಸ್ಕಿನ್ಸ್ ಅವರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಕತ್ತಲೆ ಕವಿದ, ಶಿಲೀಂಧ್ರ ಹಿಡಿದ, ಡೈನೋಸಾರ್ ವಂಶದವರು ಆಳುವ ಒಂದು ಹಾಳು ನಗರದಲ್ಲಿ. ಚಿತ್ರೀಕರಣಕ್ಕೆ ಬಳಸಿದ್ದು ಉತ್ತರ ಕೆರೊಲಿನಾದ ಒಂದು ಪಾಳುಬಿದ್ದ ಸಿಮೆಂಟ್ ಕಾರ್ಖಾನೆ. ಅಲ್ಲಿ ಹಾರಲಿಕ್ಕೆ ಏನೂ ಇರಲಿಲ್ಲ. ಇಬ್ಬರು ನಿರ್ದೇಶಕರು, ದಿನಕ್ಕೊಂದು ಚಿತ್ರಕಥೆ, ಸೆಟ್‌ನಲ್ಲಿ ಗೊಂದಲ. 2011ರಲ್ಲಿ ಪತ್ರಿಕೆಯೊಂದು ಹಾಸ್ಕಿನ್ಸ್ ಅವರನ್ನು ಕೇಳಿತು: ನೀವು ಮಾಡಿದ ಅತಿ ಕೆಟ್ಟ ಕೆಲಸ ಯಾವುದು, ಅತಿ ದೊಡ್ಡ ನಿರಾಸೆ ಯಾವುದು, ಹಿಂದಿನದರಲ್ಲಿ ಒಂದನ್ನು ತಿದ್ದಬಹುದಾದರೆ ಯಾವುದನ್ನು ತಿದ್ದುತ್ತೀರಿ? ಮೂರಕ್ಕೂ ಅವರ ಉತ್ತರ ಈ ಸಿನಿಮಾ. ಖಳನಾಗಿದ್ದ ಡೆನ್ನಿಸ್ ಹಾಪರ್ ಹೇಳುತ್ತಿದ್ದ ಕಥೆ ಇನ್ನೂ ಚೆನ್ನಾಗಿದೆ. ಅವರ ಪುಟ್ಟ ಮಗ ಇದನ್ನು ಯಾಕೆ ಮಾಡಿದೆ ಅಪ್ಪ ಎಂದು ಕೇಳಿದನಂತೆ. ನಿನಗೆ ಶೂ ಕೊಡಿಸಲಿಕ್ಕೆ ಕಣಪ್ಪ ಎಂದರೆ, ನನಗೆ ಶೂ ಅಷ್ಟೊಂದು ಅಗತ್ಯ ಇರಲಿಲ್ಲ ಎಂದನಂತೆ.

ಇನ್ನು ದನಿ. ಇದು ನನಗೆ ಹೆಚ್ಚು ನೋವು ಕೊಟ್ಟ ಪ್ರಕರಣ, ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

2001ರಲ್ಲಿ ಫಿನ್ಲೆಂಡಿನ ರೆಮಿಡಿ ಎಂಬ ಸಣ್ಣ ಕಂಪನಿ ‘ಮ್ಯಾಕ್ಸ್ ಪೇನ್’ ಎಂಬ ಗೇಮ್ ತಂದಿತು. ಹೆಂಡತಿ ಮಗುವನ್ನು ಕಳೆದುಕೊಂಡ ನ್ಯೂಯಾರ್ಕಿನ ಪೊಲೀಸನೊಬ್ಬ, ಹಿಮ ಸುರಿಯುವ ರಾತ್ರಿ, ಸೇಡು. ಮಾಡುವವರ ಕೈಯಲ್ಲಿ ಕಾಸಿರಲಿಲ್ಲ. ಹಾಗಾಗಿ ಕಥೆ ಬರೆದ ಸ್ಯಾಮ್ ಲೇಕ್ ತಾನೇ ಮುಖ ಸಿಂಡರಿಸಿಕೊಂಡು ಕ್ಯಾಮೆರಾ ಮುಂದೆ ನಿಂತ. ಅವನ ಮುಖವೇ ಮ್ಯಾಕ್ಸ್‌ನ ಮುಖವಾಯಿತು. ಖಳನಾಯಕಿಯ ಮುಖ ಅವನ ತಾಯಿಯದು. ದನಿ ಕೊಟ್ಟವರು ಜೇಮ್ಸ್ ಮೆಕ್ಯಾಫ್ರಿ. ಗೇಮ್‌ನ ಕಥೆ ಸಾಗುವುದು ಕಾಮಿಕ್ ಪುಟಗಳಲ್ಲಿ, ಅದರ ಮೇಲೆ ಈ ದನಿ. ಸಿಗರೇಟಿನ ಹೊಗೆ ಹಿಡಿದಂತಿದ್ದ, ದಣಿದ, ತನ್ನ ದುಃಖವನ್ನೇ ಗೇಲಿ ಮಾಡಿಕೊಳ್ಳುವ ದನಿ. ಅಲಂಕಾರ ಒಂದಿಷ್ಟು ಅತಿಯೇ. ಆದರೆ ರಾತ್ರಿ ಎರಡು ಗಂಟೆಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದವರಿಗೆ ಅದು ತಮ್ಮದೇ ಒಳದನಿ ಆಗಿಬಿಟ್ಟಿತು. ಮ್ಯಾಕ್ಸ್ ಪೇನ್ ಎಂದರೆ ಆ ದನಿ, ಮಿಕ್ಕದ್ದೆಲ್ಲ ಅದರ ಹಿಂದೆ ಸುರಿಯುವ ಹಿಮ.

2008ರ ಸಿನಿಮಾದಲ್ಲಿ ಮ್ಯಾಕ್ಸ್ ಆಗಿ ಬಂದವರು ಮಾರ್ಕ್ ವಾಲ್‌ಬರ್ಗ್. ಅವರನ್ನು ಹಳಿಯುವುದು ಸುಲಭ, ನಾನು ಹಳಿಯುವುದಿಲ್ಲ. ಅದಕ್ಕೆ ಎರಡೇ ವರ್ಷ ಮೊದಲು ‘ದಿ ಡಿಪಾರ್ಟೆಡ್’ನಲ್ಲಿ ಪೊಲೀಸ್ ಅಧಿಕಾರಿಯಾಗಿ ಆಸ್ಕರ್ ನಾಮನಿರ್ದೇಶನ ಪಡೆದಿದ್ದ ನಟ. ಅಲ್ಲಿ ಅವರ ಬಾಯಿ ಸುಮ್ಮನಿರಲಿಲ್ಲ, ಅದಕ್ಕೇ ಅಷ್ಟು ಮೆರೆದರು. ಇಲ್ಲಿ ಆ ಬಾಯಿಗೇ ಬೀಗ. ಕಾಮಿಕ್ ಪುಟಗಳೂ ಇಲ್ಲ, ಆ ಸ್ವಗತದ ಬಹುಪಾಲೂ ಇಲ್ಲ. ಕೋಟಿನೊಳಗೆ ಭುಜ ತುಂಬಿಕೊಂಡು, ಹುಬ್ಬು ಗಂಟಿಕ್ಕಿ ನಡೆಯುವ ಒಬ್ಬ ಮನುಷ್ಯ ಅಷ್ಟೇ. ದನಿಯಿಂದ ಹುಟ್ಟಿದ ಪಾತ್ರಕ್ಕೆ ಮುಖ ತಂದು ಕೂರಿಸಿ, ದನಿಯನ್ನು ಹೊರಗೆ ಬಿಟ್ಟರು. ಹೊರಗೆ ಎಂದರೆ ಪೂರ್ತಿ ಹೊರಗೂ ಅಲ್ಲ. ಮೆಕ್ಯಾಫ್ರಿ ಅದೇ ಚಿತ್ರದಲ್ಲಿ ಎಫ್‌ಬಿಐ ಅಧಿಕಾರಿಯ ಒಂದು ಪುಟ್ಟ ಪಾತ್ರದಲ್ಲಿ ಬಂದು ಹೋಗುತ್ತಾರೆ. ಮನೆಯೊಡೆಯನಿಗೆ ಜಗಲಿಯಲ್ಲಿ ಮಣೆ ಹಾಕಿ, ಒಳಗೆ ಬೇರೆಯವರಿಗೆ ಎಲೆ ಹಾಕಿದ ಹಾಗೆ.

ಈ ಜಗಲಿ ಮರ್ಯಾದೆ ಈಗ ಒಂದು ಪದ್ಧತಿಯೇ ಆಗಿದೆ. ‘ಅನ್‌ಚಾರ್ಟೆಡ್’ ಗೇಮ್‌ಗಳಲ್ಲಿ 2007ರಿಂದ ನೇಥನ್ ಡ್ರೇಕ್‌ಗೆ ದನಿಯನ್ನೂ ಮೈ ಚಲನೆಯನ್ನೂ ಕೊಟ್ಟವರು ನೋಲನ್ ನಾರ್ತ್. 2022ರ ಸಿನಿಮಾದಲ್ಲಿ ಅವರು ಸಮುದ್ರ ತೀರದಲ್ಲಿ ಕುರ್ಚಿ ಹಾಕಿಕೊಂಡು ಕೂತ ಯಾರೋ ಒಬ್ಬರು. ದಶಕಗಳ ಕಾಲ ಮಾರಿಯೊನ ಕೂಗಾಗಿದ್ದ ಚಾರ್ಲ್ಸ್ ಮಾರ್ಟಿನೆ 2023ರ ಅನಿಮೇಷನ್ ಚಿತ್ರದಲ್ಲಿ ಮಾರಿಯೊನ ಅಪ್ಪ. ಮಾರಿಯೊ ಆಗಿ ಮಾತಾಡಿದವರು ಕ್ರಿಸ್ ಪ್ರ್ಯಾಟ್. ಪ್ರ್ಯಾಟ್ ಹೆಸರು ಹೊರಬಿದ್ದಾಗ ಗೇಮ್ ಲೋಕದಲ್ಲಿ ದೊಡ್ಡ ಗದ್ದಲವೇ ಆಯಿತು. ಆದರೆ ಚಿತ್ರ ನೂರು ಕೋಟಿ ಡಾಲರ್ ದಾಟಿ ಎಷ್ಟೋ ಮುಂದೆ ಹೋಯಿತು. ಅಲ್ಲಿ ದನಿ ಬೇರೆಯಾದರೂ ಜಿಗಿತ ಮಾರಿಯೊನದ್ದೇ ಆಗಿತ್ತು. ಮಕ್ಕಳು ಕಣ್ಣಿಂದ ಗುರುತು ಹಿಡಿದರು, ಕಿವಿಯನ್ನು ಕ್ಷಮಿಸಿದರು.

ಈಗ ನಿಮ್ಮ ‘ಯಾಕೆ’ಗೆ ಬರೋಣ. ಗಾಂಧಿನಗರದಲ್ಲಿ ಒಂದು ಕ್ರಮ ಇದೆಯಲ್ಲ, ಮೊದಲು ಹೀರೊ ಡೇಟ್ಸ್ ಸಿಗಬೇಕು, ಕಥೆ ಆಮೇಲೆ ನೋಡಿಕೊಳ್ಳೋಣ. ಹಾಲಿವುಡ್ ಅದರ ಅಣ್ಣ. ದುಡ್ಡು ಹಾಕುವವರಿಗೆ ಗೇಮ್‌ನ ಹೆಸರಿಗಿಂತ ನಟನ ಹೆಸರಿನ ಮೇಲೆ ನಂಬಿಕೆ. ಗೇಮ್ ಆಡುವವರು ಹೇಗೂ ಬರುತ್ತಾರೆ, ಆಡದವರನ್ನು ಕರೆತರಲು ಸ್ಟಾರ್ ಬೇಕು ಎಂಬ ಲೆಕ್ಕ. ಆ ಲೆಕ್ಕದಲ್ಲಿ ಪಾತ್ರಕ್ಕೆ ನಟ ಸಿಗುವುದಿಲ್ಲ, ನಟನಿಗೆ ಪಾತ್ರ ಸಿಗುತ್ತದೆ.

1994ರ ‘ಸ್ಟ್ರೀಟ್ ಫೈಟರ್’ ನೋಡಿ. ಗೇಮ್‌ನ ಕೇಂದ್ರ ರ‍್ಯೂ ಎಂಬ ಜಪಾನಿ ಹೋರಾಟಗಾರ. ಸಿನಿಮಾಕ್ಕೆ ಸಿಕ್ಕ ಸ್ಟಾರ್ ಜೀನ್ ಕ್ಲಾಡ್ ವಾನ್ ಡ್ಯಾಮ್. ಅವರಿಗೆ ರ‍್ಯೂ ವೇಷ ಕಟ್ಟಲಾಗದು, ಆದ್ದರಿಂದ ಕಥೆಯ ನಾಯಕನೇ ಬದಲಾದ. ಅಮೆರಿಕದ ವಾಯುಪಡೆಯ ಗೈಲ್ ಮೇಲಕ್ಕೆ ಬಂದ, ರ‍್ಯೂ ಸಣ್ಣಪುಟ್ಟ ಮೋಸ ಮಾಡಿಕೊಂಡಿರುವ ಪುಂಡನಾದ. ತೋಳ ಮೇಲೆ ಅಮೆರಿಕದ ಬಾವುಟದ ಹಚ್ಚೆ, ಬಾಯಲ್ಲಿ ಬೆಲ್ಜಿಯಂನ ಉಚ್ಚಾರ. ಬಜೆಟ್‌ನ ದೊಡ್ಡ ತುಂಡು ಅವರ ಸಂಭಾವನೆಗೆ ಹೋದದ್ದರಿಂದ ಉಳಿದ ಹೋರಾಟಗಾರರ ತಾಲೀಮಿಗೆ ಸಮಯವೂ ಹಣವೂ ಸಾಲಲಿಲ್ಲ. ಹೊಡೆದಾಟವೇ ಜೀವಾಳವಾದ ಗೇಮ್‌ನ ಸಿನಿಮಾದಲ್ಲಿ ಹೊಡೆದಾಟವೇ ಸೊರಗಿತು.

ಎರಡನೆಯ ಕಾರಣ ಕಾಲ. ಗೇಮ್‌ನ ಹಕ್ಕು ಕೊಂಡವರು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಕೂರುತ್ತಾರೆ. 2010ರಲ್ಲಿ ನೇಥನ್ ಡ್ರೇಕ್ ಪಾತ್ರಕ್ಕೆ ಹೇಳಿದ್ದ ಹೆಸರು ಮತ್ತೆ ಮಾರ್ಕ್ ವಾಲ್‌ಬರ್ಗ್. ನಿರ್ದೇಶಕರು ಒಬ್ಬರ ಹಿಂದೊಬ್ಬರು ಬಂದು ಹೋದರು. 2022ರಲ್ಲಿ ಚಿತ್ರ ತೆರೆಗೆ ಬರುವಷ್ಟರಲ್ಲಿ ವಾಲ್‌ಬರ್ಗ್ ವಯಸ್ಸು ಐವತ್ತು. ಅವರು ಡ್ರೇಕ್‌ನ ಹಿರಿಯ ಜೊತೆಗಾರ ಸಲ್ಲಿ ಆಗಿದ್ದರು, ಡ್ರೇಕ್ ಆಗಿ ಇಪ್ಪತ್ತರ ಹರೆಯದ ಟಾಮ್ ಹಾಲೆಂಡ್ ಬಂದಿದ್ದರು. ಮದುವೆ ಮಾತುಕತೆ ಎಳೆದು ಎಳೆದು ವರನೇ ಬೀಗನಾದಂತೆ. ಗೇಮ್‌ನ ಡ್ರೇಕ್ ಅರೆಬರೆ ಗಡ್ಡದ, ಪೆಟ್ಟು ತಿಂದು ಪಳಗಿದ ಗಂಡಸು. ಹಾಲೆಂಡ್ ಜಿಗಿದರೆ ಸ್ಪೈಡರ್‌ಮ್ಯಾನ್ ನೆನಪಾಗುತ್ತಾನೆ. ಸಲ್ಲಿಯ ಗುರುತೇ ಆದ ಮೀಸೆ, ಕಥೆಯೆಲ್ಲ ಮುಗಿದು ಹೆಸರುಗಳು ಬರತೊಡಗಿದ ಮೇಲೆ ಕಾಣಿಸಿಕೊಂಡಿತು! ಆದರೂ ಚಿತ್ರ ಸುಮಾರು 40 ಕೋಟಿ ಡಾಲರ್ ಗಳಿಸಿತು. ಹೀಗಾಗಿ ಆಡುವವರ ಗೋಳು ನಿರ್ಮಾಪಕರ ಕಿವಿಗೆ ಬೀಳುವುದಿಲ್ಲ.

ಕಿವಿಗೆ ಬಿದ್ದದ್ದು 2024ರ ‘ಬಾರ್ಡರ್‌ಲ್ಯಾಂಡ್ಸ್’ನಲ್ಲಿ. ಪಾತ್ರವರ್ಗ ನೋಡಿದರೆ ಪ್ರಶಸ್ತಿ ಸಮಾರಂಭದ ಮುಂದಿನ ಸಾಲು: ಕೇಟ್ ಬ್ಲಾಂಚೆಟ್, ಜೇಮಿ ಲೀ ಕರ್ಟಿಸ್, ಕೆವಿನ್ ಹಾರ್ಟ್, ದನಿಗೆ ಜ್ಯಾಕ್ ಬ್ಲ್ಯಾಕ್. ಗೇಮ್‌ನ ಲಿಲಿತ್ ಇಪ್ಪತ್ತರ ಆಸುಪಾಸಿನ ಬೆಂಕಿಚೆಂಡು; ಬ್ಲಾಂಚೆಟ್ ಐವತ್ತು ದಾಟಿದ್ದರು. ಎಲ್ಲರೂ ಆಡಿಕೊಂಡದ್ದು ವಯಸ್ಸನ್ನೇ. ನಾನು ಒಪ್ಪುವುದಿಲ್ಲ. ನಮ್ಮ ಯಕ್ಷಗಾನದಲ್ಲಿ ಅರವತ್ತರ ಕಲಾವಿದ ಅಭಿಮನ್ಯುವಾಗಿ ರಂಗಕ್ಕೆ ಧುಮುಕಿದರೆ ಬಯಲಿನಲ್ಲಿ ಕೂತವರು ಶಿಳ್ಳೆ ಹಾಕುತ್ತಾರೆ, ಏಕೆಂದರೆ ಹೆಜ್ಜೆಯಲ್ಲಿ ಹದಿನಾರು ಇರುತ್ತದೆ. ಇಲ್ಲಿ ಲಿಲಿತ್‌ಗೆ ವಿಗ್ ಇತ್ತು, ಹೆಜ್ಜೆ ಇರಲಿಲ್ಲ. ಕೆವಿನ್ ಹಾರ್ಟ್ ವಿಷಯ ಇನ್ನೂ ವಿಚಿತ್ರ. ಗೇಮ್‌ನ ರೋಲೆಂಡ್ ಎತ್ತರದ, ಗಂಭೀರ ಸೈನಿಕ. ಹಾರ್ಟ್ ತನ್ನ ಕುಳ್ಳುತನವನ್ನೇ ಬಂಡವಾಳ ಮಾಡಿಕೊಂಡು ನಗಿಸುವ ಹಾಸ್ಯಗಾರ. ಅವರನ್ನು ಕರೆತಂದು ಗಂಭೀರವಾಗಿರು ಎಂದರು. ಸೈನಿಕನೂ ಸಿಗಲಿಲ್ಲ, ಹಾಸ್ಯಗಾರನೂ ಕೈಬಿಟ್ಟ. 11 ಕೋಟಿ ಡಾಲರ್ ಆಸುಪಾಸಿನ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 3.3 ಕೋಟಿ.

ಜರ್ಮನಿಯ ಊವೆ ಬೋಲ್ ಎಂಬ ನಿರ್ದೇಶಕರ ಬಗ್ಗೆ ಒಂದು ಪ್ಯಾರಾ ಸಾಕು. ಆಗಿನ ಜರ್ಮನ್ ಕಾನೂನಿನಲ್ಲಿ ಸಿನಿಮಾಕ್ಕೆ ಹಾಕಿದ ಹಣಕ್ಕೆ ತೆರಿಗೆ ಉಳಿತಾಯವಿತ್ತು, ಆ ನೆರಳಿನಲ್ಲಿ ಅವರು ಸಾಲುಸಾಲು ಗೇಮ್ ಸಿನಿಮಾ ಮಾಡಿದರು. ‘ಅಲೋನ್ ಇನ್ ದಿ ಡಾರ್ಕ್’ನಲ್ಲಿ ಹದಿಹರೆಯದವರ ಹಾಸ್ಯ ಚಿತ್ರಗಳಿಂದ ಹೆಸರಾದ ಟಾರಾ ರೀಡ್ ಅವರಿಗೆ ಕನ್ನಡಕ ಹಾಕಿ, ತುರುಬು ಕಟ್ಟಿ, ವಿದ್ವಾಂಸಳು ಎಂದರು. ‘ಇನ್ ದಿ ನೇಮ್ ಆಫ್ ದಿ ಕಿಂಗ್’ನಲ್ಲಿ ಜೇಸನ್ ಸ್ಟೇಥಮ್ ರೈತ. ಪಾತ್ರದ ಹೆಸರೂ ‘ಫಾರ್ಮರ್’. ಅನುಮಾನಕ್ಕೆ ಎಡೆ ಇರಬಾರದಲ್ಲ.

ಬೋಲ್ ಅವರ ‘ಬ್ಲಡ್‌ರೇನ್’ನಲ್ಲಿ ರಕ್ತಪಿಪಾಸುಗಳ ರಾಜನಾಗಿ ಸಿಂಹಾಸನದ ಮೇಲೆ ಕೂತವರು ಮತ್ತೆ ಬೆನ್ ಕಿಂಗ್ಸ್‌ಲಿ. 1982ರ ‘ಗಾಂಧಿ’ ಚಿತ್ರಕ್ಕೆ ಆಸ್ಕರ್ ಗೆದ್ದವರು. ಅದೇ ‘ಗಾಂಧಿ’ ಚಿತ್ರದ ನೆಹರೂ, ಆಮೇಲೆ ದೂರದರ್ಶನದ ‘ಭಾರತ್ ಏಕ್ ಖೋಜ್’ನಲ್ಲೂ ನೆಹರೂ ಆಗಿ ನಮ್ಮ ಮನೆಗಳಿಗೆ ಬಂದ ರೋಶನ್ ಸೇಠ್ ಎಲ್ಲಿದ್ದರು ಗೊತ್ತೇ? 1994ರ ‘ಸ್ಟ್ರೀಟ್ ಫೈಟರ್’ನಲ್ಲಿ. ಪಾತ್ರ ಧಾಲ್ಸಿಮ್. ಗೇಮ್‌ನ ಧಾಲ್ಸಿಮ್ ಭಾರತದ ಯೋಗಿ. ಕೊರಳಿಗೆ ತಲೆಬುರುಡೆಯ ಸರ, ಬಾಯಿಂದ ಬೆಂಕಿ, ಮಾರುದ್ದ ಚಾಚುವ ಕೈಕಾಲು. ಭಾರತವನ್ನು ಹಾಗೆ ಬರೆದದ್ದೇ ತಮಾಷೆ, ಇರಲಿ. ಸಿನಿಮಾದಲ್ಲಿ ಅವನು ಸೆರೆ ಸಿಕ್ಕಿದ, ಮನಸ್ಸಾಕ್ಷಿ ಕುಟುಕುವ ವಿಜ್ಞಾನಿ. ಯೋಗವೂ ಇಲ್ಲ, ಬೆಂಕಿಯೂ ಇಲ್ಲ. ಭಾರತೀಯ ಪಾತ್ರಕ್ಕೆ ಭಾರತೀಯ ನಟನನ್ನೇ ಹಾಕಿದ ಮೇಲೆ ತಪ್ಪೇನು ಎಂದು ಕೇಳಬಹುದು. ರೋಶನ್ ಸೇಠ್ ಶಕ್ತಿ ಇರುವುದು ಮಾತಿನ ನಡುವಿನ ಮೌನದಲ್ಲಿ. ಧಾಲ್ಸಿಮ್ ಶಕ್ತಿ ಅವನ ಮೊಣಕೈಯಲ್ಲಿ. ದೇಶ ಹೊಂದಿತು, ಮೈ ಹೊಂದಲಿಲ್ಲ.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. 2021ರ ‘ರೆಸಿಡೆಂಟ್ ಈವಿಲ್’ ಚಿತ್ರದಲ್ಲಿ ಲಿಯಾನ್ ಎಂಬ ಪೊಲೀಸನಾಗಿ ಬಂದವರು ಭಾರತೀಯ ಮೂಲದ ತಂದೆಯ ಮಗ, ಕೆನಡಾದ ಅವನ್ ಜೋಗಿಯಾ. ಚಿತ್ರ ಬರುವ ಮೊದಲೇ ಅವರ ಕೂದಲು, ಬಣ್ಣ ಎಲ್ಲದರ ಬಗ್ಗೆ ಕೊಂಕು ಶುರುವಾಯಿತು. ಚಿತ್ರ ನೋಡಿದರೆ ತೊಂದರೆ ಅಲ್ಲಿಲ್ಲ. ಗೇಮ್‌ನಲ್ಲಿ ಲಿಯಾನ್ ಕೆಲಸಕ್ಕೆ ಸೇರಿದ ಮೊದಲ ರಾತ್ರಿಯೇ ನರಕ ದಾಟುವ ಎದೆಗಾರ; ಸಿನಿಮಾ ಬರೆದವರು ಅವನನ್ನು ಠಾಣೆಯ ಎದುರು ಬೆಂಕಿ ಹತ್ತಿದರೂ ಹೆಡ್‌ಫೋನ್ ಹಾಕಿಕೊಂಡು ನಿದ್ದೆ ಹೊಡೆಯುವ ಪೆದ್ದನನ್ನಾಗಿ ಮಾಡಿದರು. ಬೈಗುಳ ತಿಂದದ್ದು ನಟ, ತಪ್ಪು ಮಾಡಿದ್ದು ಲೇಖನಿ.

ಒಪ್ಪಿಗೆಯಾದವರು ಯಾರು ಎಂದರೆ, ನಾನು ಮೊದಲು ಹೇಳುವ ಹೆಸರು ಅದೇ ಬಡಪಾಯಿ ‘ಸ್ಟ್ರೀಟ್ ಫೈಟರ್’ನದು: ರೌಲ್ ಜೂಲಿಯಾ. ಪೋರ್ಟೊ ರಿಕೊದಲ್ಲಿ ಹುಟ್ಟಿ, ನ್ಯೂಯಾರ್ಕಿನ ರಂಗಭೂಮಿಯಲ್ಲಿ ಶೇಕ್ಸ್‌ಪಿಯರ್ ಆಡಿ ಬೆಳೆದವರು. ಗೇಮ್‌ನ ಸರ್ವಾಧಿಕಾರಿ ಬೈಸನ್ ಪರ್ವತದಂಥ ದೇಹದವನು. ಜೂಲಿಯಾ ಆ ಹೊತ್ತಿಗೆ ಕ್ಯಾನ್ಸರ್‌ನಿಂದ ಬಳಲಿ ಕಡ್ಡಿಯಾಗಿದ್ದರು, ಸಮವಸ್ತ್ರ ಮೈಮೇಲೆ ತೂಗಾಡುತ್ತಿತ್ತು. ತನ್ನ ಮಕ್ಕಳಿಗೆ ಆ ಗೇಮ್ ಇಷ್ಟ ಎಂದು ಪಾತ್ರ ಒಪ್ಪಿಕೊಂಡವರು. ಮುಖ ಹೊಂದುವುದಿಲ್ಲ, ಮೈ ಹೊಂದುವುದಿಲ್ಲ. ಆದರೆ ತೆರೆಗೆ ಬಂದರೆ ಬಣ್ಣದ ವೇಷ ರಂಗಕ್ಕೆ ಬಂದ ಹಾಗೆ. ಆ ಅಟ್ಟಹಾಸ, ಆ ಕೈಬೀಸು, ಪ್ರತಿ ಮಾತನ್ನೂ ರಾವಣನೇ ಆಡುತ್ತಿರುವನೇನೋ ಎಂಬಂತೆ ಚಪ್ಪರಿಸುವುದು. ಇದು ಮಕ್ಕಳ ಗೇಮ್ ತಾನೇ ಎಂಬ ತಾತ್ಸಾರ ಒಂದು ಚೌಕಟ್ಟಿನಲ್ಲೂ ಇಲ್ಲ. ಅವರು ತೀರಿಕೊಂಡದ್ದು 1994ರ ಅಕ್ಟೋಬರ್ 24ರಂದು, 54ನೇ ವಯಸ್ಸಿಗೆ; ಚಿತ್ರ ತೆರೆಕಂಡದ್ದು ಡಿಸೆಂಬರ್ 23ರಂದು. ಚಿತ್ರವನ್ನು ಅವರಿಗೇ ಅರ್ಪಿಸಿದ್ದಾರೆ.

ಕ್ಯಾರಿ ಹಿರೊಯುಕಿ ತಗಾವಾ ಇನ್ನೊಬ್ಬರು. 1992ರ ‘ಮಾರ್ಟಲ್ ಕಾಂಬ್ಯಾಟ್’ ಗೇಮ್‌ನಲ್ಲಿ ಶಾಂಗ್ ಸುಂಗ್ ಬಿಳಿಗಡ್ಡದ ಮುದುಕ. 1995ರ ಸಿನಿಮಾದಲ್ಲಿ ತಗಾವಾ ಕಪ್ಪು ಕೂದಲಿನ, ಕಣ್ಣಲ್ಲೇ ಪ್ರಾಣ ಹೀರುವ ಮಾಂತ್ರಿಕನಾಗಿ ಬಂದರು. ಎಷ್ಟು ಹಿಡಿಸಿತೆಂದರೆ, 2019ರ ಗೇಮ್‌ಗೆ ಅವರ ಮುಖವನ್ನೂ ದನಿಯನ್ನೂ ತೆಗೆದುಕೊಂಡರು. ಒಬ್ಬ ನಟನಾದರೂ ಜಗಲಿಯಿಂದ ನಡುಮನೆಗೆ ಹೋದ. ಸೋನಿಕ್ ಚಿತ್ರಗಳ ಖಳ ಗೇಮ್‌ನಲ್ಲಿ ಮೊಟ್ಟೆಯಂಥ ಡೊಳ್ಳುಹೊಟ್ಟೆಯವನು, ಜಿಮ್ ಕ್ಯಾರಿ ಬಿದಿರುಕೋಲು, ಯಾರೂ ದೂರಲಿಲ್ಲ. 2001ರಲ್ಲಿ ಲಾರಾ ಕ್ರಾಫ್ಟ್ ಆದ ಏಂಜೆಲಿನಾ ಜೋಲಿ ಅಮೆರಿಕದವರು, ಪಾತ್ರ ಇಂಗ್ಲೆಂಡಿನದು. ಕಥೆ ಏನೇನೂ ಸಾಲದು. ಆದರೆ ಸೊಂಟದ ಎರಡೂ ಕಡೆ ಪಿಸ್ತೂಲು ಕಟ್ಟಿ ಆಕೆ ನಡೆದು ಬಂದಾಗ, ಆ ನಡಿಗೆ ನಮಗೆ ಗೊತ್ತಿದ್ದದ್ದೇ ಆಗಿತ್ತು.

ಹೊಸ ‘ಸ್ಟ್ರೀಟ್ ಫೈಟರ್’ ಚಿತ್ರಕ್ಕೆ 2025ರಲ್ಲಿ ಪಾತ್ರವರ್ಗ ಪ್ರಕಟವಾಯಿತು. ಧಾಲ್ಸಿಮ್ ಪಾತ್ರ ಈ ಸಲ ವಿದ್ಯುತ್ ಜಮ್ವಾಲ್ ಪಾಲಿಗೆ. ಚಿಕ್ಕಂದಿನಿಂದ ಕಳರಿಪಯಟ್ಟು ಕಲಿತ ಮೈ. ಮುಖವನ್ನು ಬಿಟ್ಟು ಮೊಣಕೈ ನೋಡಿ ಆರಿಸಿದ್ದಾರೆ ಎಂದು ನನಗೆ ತೋರುತ್ತದೆ, ಹಾಗಾಗಿ ಸ್ವಲ್ಪ ಆಸೆ ಇಟ್ಟುಕೊಂಡಿದ್ದೇನೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಒಂದು ಭಾನುವಾರ 1994ರ ಚಿತ್ರವನ್ನು ಹಾಕಿ, ರಿಮೋಟನ್ನು ಮಗನ ಕೈಗೇ ಕೊಡಿ. ವಾನ್ ಡ್ಯಾಮ್ ಬಂದಾಗಲೆಲ್ಲ ಓಡಿಸಲಿ. ಜೂಲಿಯಾ ಬಂದಾಗ ಅವನು ರಿಮೋಟ್ ಕೆಳಗಿಟ್ಟರೆ ನನಗೊಂದು ಕಾಗದ ಬರೆಯಿರಿ.